ಪಕ್ಕದ ನಂಬರಿನ ರಿಪೋರ್ಟ್

ಅಮ್ಮ ಮತ್ತು ಮೂರನೇ ಮಾಳಿಗೆಯ ಮೌಶಿ ಒಂದೇ ರಿಕ್ಷಾದಲ್ಲಿ ಲ್ಯಾಬಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದರು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಇಬ್ಬರದೂ ಒಂದೇ ಬಿಲ್ಡಿಂಗು. ನಾವು ಉಡುಪಿ ಕಡೆಯವರು, ಮೌಶಿ ವಿಜಯಪುರದ ಕಡೆಯವರು; ಸಂಬಂಧಿಯಲ್ಲ, ಮರಾಠಿಯ ರೂಢಿಯಂತೆ ಚಿಕ್ಕಮ್ಮ ಎಂಬರ್ಥದಲ್ಲಿ ಹಾಗೆ ಕರೆಯುತ್ತೇನೆ. ಅಮ್ಮನ ಕನ್ನಡ ಒಂದು ದಾರಿ, ಮೌಶಿಯದು ಇನ್ನೊಂದು. ಎಲ್ಲೋ ಮಧ್ಯದಲ್ಲಿ ಸ್ವಲ್ಪ ಮರಾಠಿ ಸೇರಿಸಿಕೊಂಡು ಇಪ್ಪತ್ತು ವರ್ಷದಿಂದ ಮಾತಾಡುತ್ತಿದ್ದಾರೆ.

ಮರುದಿನ ಬೆಳಿಗ್ಗೆ ನಾನು ಠಾಕುರ್ಲಿಯ ನನ್ನ ಮನೆಯಿಂದ ಹೊರಟು, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲುಗಾಡಿ ಬದಲಿಸಿ, ರಬಾಳೆಯ ಆಫೀಸಿಗೆ ಹೋಗುತ್ತಿದ್ದೆ. ಕೂರಲು ಜಾಗ ಸಿಕ್ಕಿತ್ತು. ಅಮ್ಮನ ಫೋನ್ ಬಂತು.

"ರಿಪೋರ್ಟ್ ಬಂದಿದೆಯಂತೆ. ನಿನ್ನ ಮೊಬೈಲ್ ನಂಬರೇ ಕೊಟ್ಟಿದ್ದೇನೆ. ಸ್ವಲ್ಪ ನೋಡಿ ಹೇಳು ಮಾರಾಯ್ತಿ."

ಲ್ಯಾಬಿನ ವೆಬ್‌ಸೈಟ್ ತೆರೆದು ನನ್ನ ನಂಬರ್ ಹಾಕಿದೆ, ಒಟಿಪಿ ಬಂತು, ಒಳಗೆ ಹೋದೆ. ರಸೀದಿಯ ನಂಬರ್ ಓದಲು ಅಮ್ಮನಿಗೆ ಹೇಳಿದೆ. ಅಮ್ಮ ಪರ್ಸಿನಿಂದ ಚೀಟಿ ತೆಗೆದು ಒಂದೊಂದೇ ಅಂಕಿ ಓದಿದಳು. ರಿಪೋರ್ಟ್ ತೆರೆದುಕೊಂಡಿತು. ಮೇಲೆ ಇದ್ದದ್ದು ಮೌಶಿಯ ಹೆಸರು.

ಎರಡೂ ಚೀಟಿ ಅಮ್ಮನ ಪರ್ಸಿನಲ್ಲೇ ಇದ್ದವು, ಅವಳು ಓದಿದ್ದು ಮೌಶಿಯದನ್ನು. ಅಷ್ಟೇ ಆದದ್ದು. ಆದರೆ ಆ ಪುಟ ನನಗೆ ತೆರೆದುಕೊಳ್ಳಲೇಬಾರದಿತ್ತು. ನಾನು ನನ್ನ ಮೊಬೈಲ್ ನಂಬರಿನಿಂದ ಒಳಗೆ ಬಂದವಳು, ಮೌಶಿಗೂ ಆ ನಂಬರಿಗೂ ಏನೂ ಸಂಬಂಧವಿಲ್ಲ. ತಕ್ಷಣ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಕಿಡ್ನಿಗೆ ಸಂಬಂಧಿಸಿದ ಎರಡು ಸಾಲುಗಳು ಕೆಂಪಗೆ, ದಪ್ಪಕ್ಷರದಲ್ಲಿದ್ದವು. ಓದಿದ ಮೇಲೆ ಮುಚ್ಚಿದೆ.

"ಎಲ್ಲಾ ಸರಿ ಉಂಟಾ?" ಅಮ್ಮ ಕೇಳಿದಳು.

"ಇನ್ನೊಂದು ಚೀಟಿ ಓದಮ್ಮ."

ಕೊನೆಯ ಅಂಕಿ ಮಾತ್ರ ಬೇರೆ. ಅಮ್ಮನ ರಿಪೋರ್ಟ್ ಸರಿಯಾಗಿಯೇ ಇತ್ತು.

ಆ ವೆಬ್‌ಸೈಟ್ ಮಾಡಿಕೊಟ್ಟದ್ದು ನಮ್ಮ ಸಾಫ್ಟ್‌ವೇರ್ ಕಂಪನಿಯೇ. ರಿಪೋರ್ಟ್ ತೋರಿಸುವ ಭಾಗ ಯಾರು ಬರೆದರು ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಆಫೀಸಿಗೆ ಹೋದವಳೇ ಆ ಫೈಲ್ ತೆರೆದೆ. ಪ್ರತಿ ಸಾಲಿನ ಪಕ್ಕದಲ್ಲೂ ಬರೆದವರ ಹೆಸರು ಕಾಣುತ್ತದೆ. ನನ್ನದೇ ಹೆಸರು. ನಾಲ್ಕು ವರ್ಷದ ಹಿಂದಿನ ಕೋಡ್. ಹೇಳಲು ನಾಚಿಕೆಯಾಗುತ್ತದೆ, ನೋಡಲು ಚೆಂದವಾಗಿತ್ತು. ಚಿಕ್ಕ ಚಿಕ್ಕ ಫಂಕ್ಷನ್‌ಗಳು, ಅರ್ಥವಾಗುವ ಹೆಸರುಗಳು, ಎಲ್ಲೂ ಗಲೀಜಿಲ್ಲ. ಕೋಡಿನ ಗುಣಮಟ್ಟ ಅಳೆಯುವ ನಮ್ಮ ಸಾಫ್ಟ್‌ವೇರ್ ಅದಕ್ಕೆ ಎ ಗ್ರೇಡ್ ಕೊಟ್ಟಿತ್ತು. ಹೊಸದಾಗಿ ಸೇರುವವರಿಗೆ ಹೀಗೆ ಬರೆಯಿರಿ ಎಂದು ನಾನೇ ಒಂದೆರಡು ಸಲ ಅದನ್ನು ತೋರಿಸಿದ್ದೆ. ಲಾಗಿನ್ ಆದವರಿಗೆ ರಿಪೋರ್ಟ್ ಕಾಣುತ್ತದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಕೋಡ್ ಇತ್ತು, ಲಾಗಿನ್ ಆಗದವರಿಗೆ ಕಾಣುವುದಿಲ್ಲವೇ ಎಂಬುದೂ ಇತ್ತು. ಒಳಗೆ ಬಂದವರು ಇನ್ನೊಬ್ಬರದನ್ನು ಕೇಳಿದರೆ ಏನಾಗುತ್ತದೆ ಎಂಬುದು ಮಾತ್ರ ಇರಲಿಲ್ಲ. ಅವಸರದಲ್ಲಿ ಬಿಟ್ಟೆನೋ, ಆಮೇಲೆ ಬರೆದರಾಯಿತು ಅಂದುಕೊಂಡೆನೋ, ಹೊಳೆಯಲೇ ಇಲ್ಲವೋ. ಎಷ್ಟು ಹೊತ್ತು ಪರದೆ ನೋಡಿದರೂ ಆ ದಿನದ ನಾನು ಸಿಗಲಿಲ್ಲ.

ನಮ್ಮ ಟೀಮ್ ಲೀಡ್ ಕಲ್ಯಾಣದ ಮರಾಠಿಯವರು, ಸಿಟ್ಟು ಮಾಡುವವರಲ್ಲ. ತೋರಿಸಿದೆ. ಅವರು ಪುಟ ಸರಿಸುತ್ತಾ ಹೋಗಿ ಒಂದು ಕಡೆ ನಿಂತರು. ನಾಲ್ಕು ವರ್ಷದ ಹಿಂದೆ ಆ ಕೋಡ್ ನೋಡಿ ಓಕೆ ಮಾಡಿದ್ದು ಅವರು; ಅಲ್ಲಿ ಅವರ ಹೆಸರಿತ್ತು.

"ಎರಡು ಸಾಲಿನ ಕೆಲಸ. ಇವತ್ತೇ ಹಾಕಿಬಿಡು," ಅಂದರು ಹಿಂದಿಯಲ್ಲಿ.

"ಲ್ಯಾಬಿನವರಿಗೆ ಹೇಳಬೇಕಲ್ಲ, ಸರ್?"

"ಏನಂತ? ಯಾರಾದರೂ ಕಂಪ್ಲೇಂಟ್ ಮಾಡಿದ್ದಾರಾ? ಯಾರಾದರೂ ನೋಡಿದ್ದಾರಾ?"

"ನಾನು ನೋಡಿದೆ."

"ನೀನು ಹೊರಗಿನವಳಲ್ಲವಲ್ಲ."

ಆ ಮಾತು ನನ್ನನ್ನು ಗೊಂದಲಕ್ಕೆ ಕೆಡವಿತು. ಗಾಡಿಯಲ್ಲಿ ಕೂತಿದ್ದಾಗ ನಾನು ಯಾರು? ಕಂಪನಿಯವಳೇ, ಅಮ್ಮನ ಮಗಳೇ, ಮೇಲಿನ ಮನೆಯವರ ಗುಟ್ಟು ಕದ್ದು ನೋಡಿದವಳೇ? ಎರಡು ಸಾಲು ಬರೆದೆ, ಟೆಸ್ಟ್ ಬರೆದೆ, ಮಧ್ಯಾಹ್ನದೊಳಗೆ ಸರಿಯಾಯಿತು. ಸಮಾಧಾನ ಮಾತ್ರ ಬರಲಿಲ್ಲ. ಸಂಜೆ ಲ್ಯಾಬಿನ ಮ್ಯಾನೇಜರಿಗೆ ಎಲ್ಲವನ್ನೂ ಬರೆದು ಕಳಿಸಿದೆ, ಟೀಮ್ ಲೀಡ್‌ಗೂ ಒಂದು ಪ್ರತಿ ಹಾಕಿದೆ. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಲ್ಯಾಬಿನವರು ಫೋನ್ ಮಾಡಿದಾಗ ತಾವೇ ಬಂದು ನನ್ನ ಪಕ್ಕ ಕೂತರು.

ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ಬೇರೆ ಯಾರಾದರೂ ಹೀಗೆ ನೋಡಿದ್ದಾರೆಯೇ? ಯಾವ ರಿಪೋರ್ಟನ್ನು ಯಾವಾಗ ತೆರೆದರು ಎಂಬುದು ಒಂದು ತಿಂಗಳ ಮಟ್ಟಿಗೆ ನಮ್ಮಲ್ಲಿ ದಾಖಲಾಗಿತ್ತು. ತೆರೆದದ್ದು ಯಾರು ಎಂಬುದು ಅದರಲ್ಲಿರಲಿಲ್ಲ. ಅದಕ್ಕೂ ಹಿಂದಿನದೆಲ್ಲ ಅಳಿಸಿಹೋಗಿತ್ತು. ನೋಡಿರಬಹುದು, ನೋಡದೆಯೂ ಇರಬಹುದು ಎಂದೆ. ಆಮೇಲೆ ಲ್ಯಾಬಿನವರು ಎಲ್ಲರಿಗೂ ಇಂಗ್ಲಿಷಿನಲ್ಲಿ ಒಂದು ಸಂದೇಶ ಕಳಿಸಿದರು. ನಿಮ್ಮ ಸುರಕ್ಷತೆಗಾಗಿ ನಮ್ಮ ವ್ಯವಸ್ಥೆಯನ್ನು ಇನ್ನಷ್ಟು ಉತ್ತಮಗೊಳಿಸಿದ್ದೇವೆ ಎಂಬರ್ಥದ್ದು. ನನ್ನ ಮೊಬೈಲಿಗೂ ಬಂತು. ಅಮ್ಮನಿಗೆ ಓದಿ ಹೇಳಿದರೆ, "ಒಳ್ಳೇದಾಯ್ತಲ್ಲ," ಅಂದಳು.

ಭಾನುವಾರ ಮೌಶಿಯ ಮನೆಗೆ ಹೋದೆ. ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಹೇಗೆ ಶುರು ಮಾಡಬೇಕೋ ತಿಳಿಯದೆ ನೇರ ಹೇಳಿಬಿಟ್ಟೆ, ನಿಮ್ಮ ರಿಪೋರ್ಟ್ ನಾನು ನೋಡಿದೆ, ತಪ್ಪಾಯ್ತು, ತಪ್ಪು ನಾನು ಬರೆದ ಕೋಡಿನದ್ದೇ ಎಂದು.

"ನೀ ನೋಡಿದ್ರ ಏನಾತು ತಂಗಿ? ನಾನೇ ಇನ್ನೂ ನೋಡಿಲ್ಲ. ಮೊಬೈಲಿನ್ಯಾಗ ತಗೀಲಿಕ್ಕೆ ಬರ್ಲಿಲ್ಲ. ಸೊಸಿಗೆ ಕೇಳೂದು ಬ್ಯಾಡ ಅಂತ ಬಿಟ್ಟೆ. ಏನ್ ಬಂದೈತಿ ಹೇಳು."

ಹೇಳಿದೆ. ಕಿಡ್ನಿಯ ಪರೀಕ್ಷೆಯಲ್ಲಿ ಎರಡು ಅಂಕಿ ಇರಬೇಕಾದ್ದಕ್ಕಿಂತ ಹೆಚ್ಚಿವೆ, ಬೇಗ ಡಾಕ್ಟರ ಹತ್ತಿರ ಹೋಗಬೇಕು. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. ಕಾಲು ಊದಿಕೊಳ್ಳುತ್ತಿದ್ದದ್ದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. "ನಿಮ್ಮ ಅವ್ವಗ ಹೇಳಬ್ಯಾಡ," ಅಂದರು. ಕೆಳಗೆ ಬಂದಾಗ ಅಮ್ಮ ಕೇಳಿದಳು, ನಾನು ಏನೂ ಇಲ್ಲ ಅಂದೆ. ಕ್ಷಮೆ ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ. ಏನನ್ನು ಕ್ಷಮಿಸಬೇಕೆಂದೇ ಅವರಿಗೆ ತಿಳಿದಿಲ್ಲ ಅನ್ನಿಸಿತು.

ಅದು ನನ್ನ ತಪ್ಪು ಲೆಕ್ಕ. ಹತ್ತು ದಿನದ ಮೇಲೆ ಅಮ್ಮನನ್ನು ನೋಡಲು ಹೋದಾಗ ಮೌಶಿ ಕೆಳಗೆ ಲಿಫ್ಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. ಡಾಕ್ಟರು ಔಷಧಿ ಶುರು ಮಾಡಿದ್ದರು, ಉಪ್ಪು ಬಿಡಲು ಹೇಳಿದ್ದರು. ಅದನ್ನೆಲ್ಲ ಹೇಳಿ ಮುಗಿಸಿ, ದನಿ ತಗ್ಗಿಸಿದರು.

"ನಾ ವಿಚಾರ ಮಾಡಿದೆ ತಂಗಿ. ನಿನಗ ಕಂಡೈತಿ ಅಂದ್ರ ಬ್ಯಾರೆದವ್ರಿಗೂ ಕಂಡಿರಬೇಕಲ್ಲ?"

"ಕಂಡಿರಬಹುದು ಮೌಶಿ."

"ಯಾರಿಗೆ?"

"ಗೊತ್ತಿಲ್ಲ."

"ನಿಮ್ಮ ಕಂಪ್ಯೂಟರಿಗೂ ಗೊತ್ತಿಲ್ಲೇನು?"

"ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ನಾನು ಹೇಳುತ್ತಿರುವುದು ಪೂರ್ತಿ ನಿಜವೇ ಎಂದು ಅಳೆಯುವ ನೋಟ ಅದು. ನಿಜವೇ ಹೇಳಿದ್ದೆ, ಆದರೂ ಸುಳ್ಳು ಹೇಳಿದವಳ ಹಾಗೆ ನಾನು ಕಣ್ಣು ತಪ್ಪಿಸಿದೆ. ಲಿಫ್ಟ್ ಬಂತು. "ಮುಂದಿನ ಸಲ ರಿಪೋರ್ಟ್ ಕಾಗದದಾಗ ತಗೋತೀನಿ," ಎಂದು ಅವರು ಒಳಗೆ ಹೋದರು. ನನಗೂ ಮೇಲೆಯೇ ಹೋಗಬೇಕಿತ್ತು, ಯಾಕೋ ಮೆಟ್ಟಿಲು ಹತ್ತಿದೆ.