ಅವ್ವ ಲೇತ್ ನಿಲ್ಲಿಸಿದ ದಿನ

ಇವತ್ತು ಪಂಪಿನ ಶಾಫ್ಟ್ ಟರ್ನಿಂಗ್ ಮಾಡಿಸಲು ಶಿಗ್ಗಾವಿಯ ವರ್ಕ್‌ಶಾಪಿಗೆ ಹೋಗಿದ್ದೆ. ಕಬ್ಬಿಣವನ್ನು ತಿರುಗಿಸಿ ಹೆರೆಯುವ ಲೇತ್ ಚಾಲೂ ಆಗುತ್ತಲೇ ಬಿಸಿ ಲೋಹ ತಣಿಸಲು ಸುರಿಯುವ ಕೂಲಂಟಿನ ವಾಸನೆ ಬಂತು. ಬಂಕಾಪುರದ ನಮ್ಮ ಅಂಗಡಿ ಕಣ್ಣ ಮುಂದೆ ನಿಂತಿತು.

ಅಪ್ಪ ಅಲ್ಲಿ ಲೇತಿನ ಮೇಲೆ ಟ್ರ್ಯಾಕ್ಟರ್ ಸಾಮಾನು ಮಾಡಿಕೊಡುತ್ತಿದ್ದ. ನೀರಿಗೆ ಎಣ್ಣೆ ಬೆರೆತು ಹಾಲಿನಂತೆ ಕಾಣುವ ಕೂಲಂಟನ್ನು ಅವನು ಬದಲಿಸುತ್ತಲೇ ಇರಲಿಲ್ಲ. ಕಡಿಮೆಯಾದರೆ ಒಂದಿಷ್ಟು ನೀರು ಸುರಿಯುತ್ತಿದ್ದ, ಅಷ್ಟೆ. ಒಂದು ಬೇಸಿಗೆಯಲ್ಲಿ ಅದು ಕೊಳೆತು ನಾರತೊಡಗಿತು. ದಿನವಿಡೀ ಅದರಲ್ಲೇ ನೆನೆದು ಅಪ್ಪನ ಬೆರಳುಗಳು ಒಡೆದು, ರೊಟ್ಟಿ ಮುರಿಯುವಾಗಲೂ ರಕ್ತ ಜಿನುಗುತ್ತಿತ್ತು.

ಅದನ್ನು ಕಂಡ ಮರುದಿನವೇ ಅವ್ವ ಅಂಗಡಿಗೆ ಬಂದು ಲೇತಿನ ಸ್ವಿಚ್ ಆರಿಸಿದಳು.

“ಈ ನೀರು ಬದಲಿಸೂತನಕ ಮಷೀನ್ ಚಾಲೂ ಮಾಡಬ್ಯಾಡ್ರಿ.”

“ಹುಲಗೂರಿಂದ ಗಿರಾಕಿ ಬಂದು ಕುಂತಾರ,” ಎಂದ ಅಪ್ಪ.

“ಕುಂದರ್ಲಿ, ಚಾ ತರಸ್ತೇನಿ. ನಿಮ್ಮ ಕೈ ಹೋದ್ರ ಅವರ ಕೆಲಸ ಯಾರು ಮಾಡ್ತಾರ?”

ಗಿರಾಕಿ ನಕ್ಕ. “ಅಕ್ಕಾರು ಖರೇ ಹೇಳಾಕತ್ತಾರ, ಮಿಸ್ತ್ರಿ. ನಾ ನಾಳೆ ಬರ್ತೇನಿ,” ಎಂದು ಎದ್ದ.

ಅಪ್ಪ ಹಳೆಯ ಕೂಲಂಟನ್ನು ಬಕೆಟ್ಟಿಗೆ ತುಂಬಿ ಗಟಾರದತ್ತ ನಡೆದ. ಅವ್ವ ಅಡ್ಡ ನಿಂತಳು.

“ಅಲ್ಲಿ ಎಮ್ಮಿ ನೀರು ಕುಡೀತಾವ.”

ಅದೆಲ್ಲ ಮುಚ್ಚಳದ ಡ್ರಮ್ಮು ಸೇರಿತು, ಹಳೆ ಎಣ್ಣೆ ಒಯ್ಯುವವರಿಗೆಂದು. ಇಬ್ಬರೂ ಸೇರಿ ಲೇತಿನ ಕೂಲಂಟ್ ಟ್ಯಾಂಕಿನ ತಳದ ಲೋಳೆ, ಕಬ್ಬಿಣದ ಚೂರು ತೆಗೆದು ತೊಳೆದರು, ಹೊಸ ಕೂಲಂಟ್ ಬೆರೆಸಿದರು. ಮಳೆಗಾಲ ಬರುವಷ್ಟರಲ್ಲಿ ಅಪ್ಪನ ಕೈ ಮಾಯ್ದಿತ್ತು. ಮುಂದೆ ಕೂಲಂಟ್ ಬದಲಿಸಲು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಇವತ್ತು ಶಿಗ್ಗಾವಿಯಲ್ಲಿ ಲೇತ್ ನಡೆಸುತ್ತಿದ್ದ ಹುಡುಗಿಯನ್ನು ಕೇಳಿದೆ, “ಕೂಲಂಟ್ ಯಾವಾಗ ಬದಲಿಸಿದ್ರಿ?”

“ಮೊನ್ನೇನ ರೀ,” ಎಂದು ಅವಳು ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಒಂದು ಬಿರುಕೂ ಇರಲಿಲ್ಲ. ನಿಶ್ಚಿಂತೆಯಿಂದ ಶಾಫ್ಟ್ ಅವಳ ಕೈಗಿತ್ತೆ.