ಪಿಳ್ಳಪ್ಪ ಬೆಚ್ಚಗಿಟ್ಟ ಮೀನುಮರಿಗಳು

ಸುದ್ದಗುಂಟೆಪಾಳ್ಯದ ಪಿಳ್ಳಪ್ಪ ಜಯನಗರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಮೀನು ನೋಡಿಕೊಳ್ಳುತ್ತಾನೆ. ನಾನು ಅಲ್ಲೇ ತೊಟ್ಟಿ ತೊಳೆಯುವವಳು. ಅರ್ಧ ಬೆರಳುದ್ದದ ಪಟ್ಟೆ ಮೀನು. ಒಂದು ಸತ್ತರೂ ಪಿಳ್ಳಪ್ಪನಿಗೆ ಅವತ್ತು ಊಟ ಇಳಿಯುವುದಿಲ್ಲ.

ಲಿಖಿತಾ ಮೇಡಂ ಅಲ್ಲಿ ಪಿಎಚ್‌ಡಿ ಮಾಡುತ್ತಾರೆ. ಅವರು ನನಗೆ ಹೇಳಿದ್ದು ಇಷ್ಟು: ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ದಾರ ಇದೆ. ಒಂದು ಪ್ರೋಟೀನು ಬಂದು ಅದರ ಮೇಲೆ ಸರಿಯಾದ ಜಾಗದಲ್ಲಿ ಕೂತರೆ ಮರಿಗೆ ಅಂಡಾಶಯ ಬೆಳೆಯುತ್ತದೆ. ಕೂರದಿದ್ದರೆ ಮರಿ ಗಂಡಾಗುತ್ತದೆ. ಅದನ್ನು ತೋರಿಸಲು ಎರಡು ತೊಟ್ಟಿ. ಎಡಗಡೆಯ ಮರಿಗಳಲ್ಲಿ ಆ ಪ್ರೋಟೀನು ಇಲ್ಲ. ಬಲಗಡೆಯವಕ್ಕೆ ಏನೂ ಮಾಡಿಲ್ಲ. ಯುಗಾದಿಯೊಳಗೆ ಮುಗಿಯಬೇಕು, ಆಮೇಲೆ ಅವರಿಗೆ ಲ್ಯಾಬಿನಲ್ಲಿ ಜಾಗವಿಲ್ಲ.

ಡಿಸೆಂಬರಿನಲ್ಲಿ ಪಿಳ್ಳಪ್ಪ ಎರಡೂ ತೊಟ್ಟಿಗೆ ಗೋಣಿಚೀಲ ಸುತ್ತಿದ. "ಕುಲಾವಿನೂ ಹೊಲಿಸಪ್ಪ" ಎಂದು ನಾನು ನಕ್ಕಿದ್ದೆ.

ಮೂರು ತಿಂಗಳಿಗೆ ಮೇಡಂ ಎಡಗಡೆಯವನ್ನು ಕೊಯ್ದು ನೋಡಿದರು. ಎಲ್ಲ ಗಂಡು. "ಸಖತ್ ಪಿಳ್ಳಪ್ಪಣ್ಣ! ಅಂದ್ಕೊಂಡಂಗೇ ಬಂತು!" ಮರುದಿನ ಬಲಗಡೆಯವುಗಳಲ್ಲಿ ಇಪ್ಪತ್ತೆರಡನ್ನು ಕೊಯ್ದರು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಗಂಡು.

ಮೇಡಂ ಸ್ಟೂಲಿನ ಮೇಲೆ ಕೂತುಬಿಟ್ಟರು. "ಇದ್ರಲ್ಲಿ ಹೆಣ್ಣು ಇರ್ಲೇಬೇಕಿತ್ತು. ಅಣ್ಣ, ನೀರೇನಾದ್ರೂ ಬಿಸಿ ಆಗಿತ್ತಾ?"

ಪಿಳ್ಳಪ್ಪ ಕೈಯಲ್ಲಿದ್ದ ಟವೆಲ್ ಹಿಂಡಿದ. "ಚಳಿ ಮೇಡಂ. ಹಸುಗೂಸುಗಳು. ಮನೇಲಿ ಮೊಮ್ಮಗೂಗೂ ಹಂಡೆ ನೀರೇ ಹಾಕ್ತಿದ್ವಿ. ಸಂಜೆ ಹೋಗ್ವಾಗ ಎರಡೂ ತೊಟ್ಟಿ ಹೀಟರ್ ಇಪ್ಪತ್ತೆಂಟರಿಂದ ಮೂವತ್ತೈದಕ್ಕೆ ತಿರುಗಿಸ್ತಿದ್ದೆ. ಬೆಳಿಗ್ಗೆ ನೀವು ಬರೋ ಮುಂಚೆ ಇಳಿಸ್ತಿದ್ದೆ."

"ಎಷ್ಟು ದಿನ?"

"ಇಪ್ಪತ್ತು. ಒಂದೂ ಸಾಯ್ಲಿಲ್ಲ ಮೇಡಂ."

ಪ್ರೋಟೀನು ಇದ್ದರೂ, ನೀರು ಅಷ್ಟು ಬಿಸಿಯಾದರೆ ಮರಿಗಳು ಗಂಡಾಗುತ್ತವಂತೆ. ಎಡಗಡೆಯವು ಪ್ರೋಟೀನಿಲ್ಲದೆ ಗಂಡಾದವೋ, ಬಿಸಿಗೆ ಆದವೋ, ಇನ್ನು ಹೇಳಲು ದಾರಿಯಿಲ್ಲ.

"ಬೈದ್ಬಿಡಿ ಮೇಡಂ" ಎಂದ. ಅವರು ಬೈಯಲಿಲ್ಲ.

"ಇನ್ನೊಂದ್ಸಲ ಮರಿ ಮಾಡ್ಸೋಣ. ಹೀಟರ್ ಹತ್ರಾನೂ ಹೋಗಲ್ಲ."

"ಮತ್ತೆ ಮೂರು ತಿಂಗಳು ಬೇಕಣ್ಣ. ಯುಗಾದಿಗೆ ಹದಿನಾರು ದಿನ ಇದೆ."

ಮೇಡಂ ಬ್ಯಾಗು ತೆಗೆದುಕೊಂಡು ಹೋದರು. ಬಲಗಡೆಯ ತೊಟ್ಟಿಯಲ್ಲಿ ಕೊಯ್ಯದೆ ಉಳಿದವು ಎಂಟು. ನಾಲ್ಕು ಗಂಟೆಗೆ ಪಿಳ್ಳಪ್ಪ ಎಂದಿನಂತೆ ಆಹಾರ ಹಾಕಿದ. ಎಂಟೂ ಮೇಲೆ ಬಂದವು. ಹೆಣ್ಣಾದರೆ ಹೊಟ್ಟೆ ಉಬ್ಬಿರುತ್ತದೆ.

"ಅಕ್ಕ, ನೀನೊಂದ್ಸಲ ನೋಡು. ಆ ಮೂಲೇದು ಸ್ವಲ್ಪ ದಪ್ಪ ಅಲ್ವಾ?"

ಕನ್ನಡಕ ಒರೆಸಿಕೊಂಡು, ಅದು ತಿರುಗಿ ಈ ಕಡೆ ಬರುವವರೆಗೂ ಕಾದು ನೋಡಿದೆ. ದಪ್ಪ ಇರಲಿಲ್ಲ.