ನಾನೇ ಕಿತ್ತ ಕಾರ್ಟೂನ್ ಚಾನೆಲ್

೨೦೦೩ರಲ್ಲಿ ನಾನು ತುರುವೇಕೆರೆಯಲ್ಲಿ ಕೇಬಲ್ ಆಪರೇಟರ್. ನಾನೂರು ಚಿಲ್ಲರೆ ಕನೆಕ್ಷನ್, ತಾರಸಿಯ ಮೇಲೆ ಮೂರು ಡಿಶ್, ಕೆಳಗೆ ಕಂಟ್ರೋಲ್ ರೂಮ್. ಒಂದೊಂದು ಚಾನೆಲ್‌ಗೂ ಒಂದೊಂದು ಮಾಡ್ಯುಲೇಟರ್. ಡಿಶ್ ಹಿಡಿದದ್ದನ್ನು ಟೀವಿಗೆ ಒಗ್ಗುವಂತೆ ಮಾಡಿ ಕೇಬಲ್‌ಗೆ ಬಿಡುವ ಡಬ್ಬಿ ಅದು. ಅದರ ವೈರು ಕಿತ್ತರೆ ಯಾರ ಮನೆಗೂ ಆ ಚಾನೆಲ್ ಬರುವುದಿಲ್ಲ.

ಆ ವರ್ಷ ಮಕ್ಕಳ ಚಾನೆಲ್‌ನಲ್ಲಿ ಸಂಜೆ ಐದೂವರೆಗೆ ಒಂದು ಜಪಾನಿ ಕಾರ್ಟೂನ್ ಧಾರಾವಾಹಿ ಬರುತ್ತಿತ್ತು. ಕಪ್ಪು ಕೋಟಿನ ಹುಡುಗ ಹುಡುಗಿಯರು ಮಾಟಗಾತಿಯರನ್ನು ಬೇಟೆಯಾಡುವ ಕಥೆ. ಮಾತು ಹಿಂದಿ, ನಮ್ಮ ಮಕ್ಕಳಿಗೆ ತಿಳಿಯುತ್ತಿದ್ದದ್ದು ಬರೀ ಚಿತ್ರ. ಪೊರಕೆ ಹಿಡಿದ ಮುದುಕಿ, ಅವಳ ಬಿಳಿಗಣ್ಣು, ಅವಳು ಶಪಿಸಿದರೆ ಮಾಯವಾಗುವ ಮನೆಗಳು. ನಮ್ಮ ಬೀದಿಯ ಕೊನೆಯಲ್ಲಿ ಪುಟ್ಟಮ್ಮಜ್ಜಿ ತೆಂಗಿನ ಗರಿ ಸೀಳಿ ಕಡ್ಡಿಪೊರಕೆ ಕಟ್ಟಿ ಮಾರುತ್ತಿದ್ದಳು. ಒಂಟಿ ಜೀವ. ಒಂದು ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಮಕ್ಕಳಿಗೆ ಇನ್ನೇನು ಬೇಕು?

ಮೊದಲು ಅವಳ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಆಮೇಲೆ ಒಂದು ಸಂಜೆ ಕಲ್ಲೇ ಬಿತ್ತು. ಹಣೆಯಿಂದ ರಕ್ತ ಸುರಿಯುತ್ತಿದ್ದ ಅಜ್ಜಿ ಬೀದಿಗೆ ಬಂದು, "ನಿಮ್ ಟೀವಿ ಸುಟ್ಟೋಗ!" ಎಂದು ಕೂಗಿದಳಂತೆ. ಈ ಮಾತು ನನಗೆ ಗೊತ್ತಾದದ್ದು ಆಮೇಲೆ. ಕಲ್ಲಿನ ಸುದ್ದಿ ಕೇಳಿಯೇ ಮೈ ಉರಿದು, ಮರುದಿನ ಬೆಳಿಗ್ಗೆ ಆ ಚಾನೆಲ್‌ನ ವೈರು ಕಿತ್ತುಹಾಕಿದೆ. ಯಾರಿಗೂ ಹೇಳಲಿಲ್ಲ.

ಸಂಜೆ ಫೋನ್ ಮೇಲೆ ಫೋನ್. ಕೇಬಲ್‌ನವರ ಹಳೇ ಚಾಳಿ ನನಗೂ ಇತ್ತು. "ಮೇಲಿಂದ್ಲೇ ಸಿಗ್ನಲ್ ಬತ್ತಿಲ್ಲ ಕಣ್ರೀ" ಎಂದುಬಿಟ್ಟೆ. ಜಗಳ ತಪ್ಪಿತಲ್ಲ ಎಂದು ನೆಮ್ಮದಿಯಾಗಿಯೂ ಇದ್ದೆ.

ನಾಲ್ಕನೇ ದಿನ ಬೀದಿಯ ಆ ಕೊನೆಗೆ ಲೈನ್ ರಿಪೇರಿಗೆ ಹೋದರೆ ಮಕ್ಕಳ ಆಟ ದೊಡ್ಡವರ ತಲೆಗೂ ಹೊಕ್ಕಿತ್ತು. ಅಜ್ಜಿ ಶಪಿಸಿದ್ದಕ್ಕೇ ಚಾನೆಲ್ ಹೋಯಿತು ಎಂದು ಎಲ್ಲರೂ ನಂಬಿದ್ದರು. ಕಲ್ಲು ಹೊಡೆದಿದ್ದ ಹುಡುಗಿ ರೂಪಾಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ ಅವಳ ತಾಯಿ ಜಯಮ್ಮ, ನಲ್ಲಿಯ ಹತ್ತಿರ ಅಜ್ಜಿಯ ಕೊಡವನ್ನು ಪಕ್ಕಕ್ಕೆ ತಳ್ಳಿದಳು. "ನಿಂದು ಕರಿನಾಲ್ಗೆ ಕಣಜ್ಜಿ, ಇಲ್ಲಿಗ್ ಬರಬ್ಯಾಡ." ಪೊರಕೆ ಕೊಳ್ಳುವವರೂ ಇರಲಿಲ್ಲವಂತೆ. ಅಜ್ಜಿ ಖಾಲಿ ಕೊಡ ಹಿಡಿದು ನನ್ನನ್ನೇ ಕೇಳಿದಳು:

"ಹೌದೇನ್ಲಾ ಮಗಾ, ನಾನ್ ಅಂದಿದ್ಕೇ ಹೋಯ್ತಾ?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಿಜ ಹೇಳಿದರೆ ಬೀದಿಗೆ ಬೀದಿಯೇ ಊರಿನ ಇನ್ನೊಬ್ಬ ಕೇಬಲ್ ಆಪರೇಟರ್ ಹತ್ತಿರ ಹೋದೀತು ಎಂಬ ಭಯ ಬೇರೆ. ಆದರೂ ಅಜ್ಜಿಯನ್ನೂ ಸೇರಿಸಿ ಅಲ್ಲಿದ್ದವರನ್ನೆಲ್ಲ ಕಂಟ್ರೋಲ್ ರೂಮಿಗೆ ಕರೆದುಕೊಂಡು ಹೋದೆ. ವೈರನ್ನು ರೂಪಾಳ ಕೈಗೇ ಕೊಟ್ಟೆ. ಸಿಕ್ಕಿಸಿದಳು, ಚಿತ್ರ ಬಂತು. ಕಿತ್ತಳು, ಹೋಯಿತು. ಮತ್ತೊಮ್ಮೆ ಸಿಕ್ಕಿಸಿ ನೋಡಿ, ಅಳುವುದಕ್ಕೇ ಶುರು ಮಾಡಿದಳು.

"ಹಂಗಾದ್ರೆ ಮೇಲಿಂದ ಬತ್ತಿಲ್ಲ ಅಂದಿದ್ಯಾಕಣ್ಣ?" ಜಯಮ್ಮ ಕೇಳಿದಳು.

"ಸುಳ್ಳು ಹೇಳ್ದೆ ಕಣಮ್ಮ. ನಾನೇ ಕಿತ್ತಿದ್ದು."

ಅವತ್ತೇ ಜಯಮ್ಮ ನೀರು ಹೊತ್ತು ಅಜ್ಜಿಯ ಮನೆಗೆ ಹೋದಳು. ಪೊರಕೆ ವ್ಯಾಪಾರ ತಿಂಗಳೊಳಗೆ ಕುದುರಿತು. ಹನ್ನೊಂದು ಮನೆಯವರು ನನ್ನ ಕನೆಕ್ಷನ್ ಬಿಟ್ಟರು, ಬಿಡಲಿ. ಮಾಡಿದ್ದನ್ನು ನಾನೇ ಮಾಡಿದೆ ಎಂದು ಬಾಯಿ ಬಿಟ್ಟು ಹೇಳಬೇಕು, ಹೇಳದಿದ್ದರೆ ಆ ಜಾಗಕ್ಕೆ ಊರು ಯಾರೋ ಬಡಪಾಯಿಯನ್ನು ತಂದು ನಿಲ್ಲಿಸುತ್ತದೆ ಎಂಬುದನ್ನು ನಾನು ಕೆಲಸದಿಂದ ಕಲಿತದ್ದು ಹಾಗೆ.

ಕಲಿಯುವಷ್ಟರಲ್ಲಿ ತಡವಾಗಿತ್ತು. ಅಂದಿನಿಂದ ಅಜ್ಜಿ ಯಾರನ್ನೂ ಬೈಯಲಿಲ್ಲ. ಒಣಗಲು ಹಾಕಿದ ಕಡ್ಡಿಯನ್ನು ದನ ತುಳಿದರೂ ಬಾಯಿಗೆ ಸೆರಗು ಒತ್ತಿಕೊಂಡು ನಿಲ್ಲುತ್ತಿದ್ದಳು. ವೈರು ತೋರಿಸಿದೆನಲ್ಲಜ್ಜೀ ಎಂದರೆ, "ತೋರ್ಸಿದೆ ಕಣಪ್ಪ. ಆದ್ರೂ ಯಾಕ್ ಬೇಕು" ಅನ್ನುತ್ತಿದ್ದಳು. ಸಾಯುವವರೆಗೂ ಅವಳಿಗೆ ತನ್ನ ಬಾಯಿಯ ಭಯ ಹೋಗಲಿಲ್ಲ.